ಸಾರಸ್ ಎಂದರೆ ಸಾರಸವಲ್ಲ

ನೌಬತ್ ಪಹಾಡ್ ಗುಡ್ಡ ಹತ್ತುವಾಗ ಹೈದರಾಬಾದಿನ ಬಿಸಿಲು ಬಂಡೆಗೆ ಬಡಿದು ಮುಖಕ್ಕೆ ರಾಚುತ್ತಿತ್ತು. ಬಿರ್ಲಾ ವಿಜ್ಞಾನ ಕೇಂದ್ರದೊಳಗೆ ಕಾಲಿಟ್ಟಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ತೇರಿನ ಮಿಣಿಯಂಥ ಒಂದು ಬಾಲ ಕಂಡಿತು. ಬಾಲದ ಗುಂಟ ಕಣ್ಣು ಹಾಯಿಸಿದರೆ ಸೊಂಟ, ಸೊಂಟದಾಚೆ ಮಗುಚಿಟ್ಟ ದೋಣಿಯಂತೆ ಪಕ್ಕೆಲುಬಿನ ಗೂಡು, ಅಲ್ಲಿಂದ ಏತದ ಮರದ ಹಾಗೆ ಮೇಲೆದ್ದ ಕತ್ತು. ಕತ್ತಿನ ತುದಿಯಲ್ಲಿ, ಇಷ್ಟು ದೊಡ್ಡ ಮೈಗೆ ಕೈ ಬಿಗಿಹಿಡಿದು ಕೊಟ್ಟಂತೆ, ಒಂದು ಪುಟ್ಟ ತಲೆ. ಮೂತಿಯಿಂದ ಬಾಲದ ತುದಿಗೆ 44 ಅಡಿ.

ಅಣ್ಣನ ಮಗಳು, ನಾಲ್ಕನೆಯ ಕ್ಲಾಸಿನವಳು, ಕತ್ತೆತ್ತಿ ನೋಡಿ ನೋಡಿ ಕೊನೆಗೆ ಕೇಳಿದಳು:

“ಚಿಕ್ಕಪ್ಪ, ತಲೆ ಯಾಕೆ ಇಷ್ಟೇ ಇಷ್ಟು?”

“ಆ ತಲೆ ಅದರದ್ದಲ್ಲ ಪುಟ್ಟಿ. ಅದರ ಬುರುಡೆ ಸಿಕ್ಕೇ ಇಲ್ಲ. ಹಲ್ಲು ಸಿಕ್ಕಿದೆ ಅಷ್ಟೆ. ತಲೆ ಹೀಗಿದ್ದಿರಬೇಕು ಅಂತ ಮಾಡಿ ಇಟ್ಟಿದ್ದಾರೆ.”

“ಮೈ?”

“ಮೈಯೂ ಒಬ್ಬರದ್ದೇ ಅಲ್ಲ. ಹನ್ನೆರಡು ಪ್ರಾಣಿಗಳಾದರೂ ಒಟ್ಟಿಗೆ ಸತ್ತು ಬಿದ್ದ ಜಾಗದಲ್ಲಿ ಸಿಕ್ಕ ಮೂಳೆಗಳನ್ನು ಜೋಡಿಸಿದ್ದು.”

ಅವಳು ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಕೋಟಸಾರಸ್ ಯಾಮನ್‌ಪಲ್ಲಿಯೆನ್ಸಿಸ್. ಮೊದಲ ಎರಡಕ್ಷರ ಬಾಯಿಗೆ ಬಂದದ್ದೇ ಕಣ್ಣರಳಿತು. “ಕೋಟ! ಅಮ್ಮಮ್ಮನ ಮನೆ ಹತ್ರ ಬಸ್ಸು ನಿಲ್ಲುತ್ತಲ್ಲ, ಆ ಕೋಟನಾ?”

ಅತ್ತಿಗೆಯ ತವರು ಕುಂದಾಪುರದ ಕಡೆ. ಉಡುಪಿಯ ಹೆದ್ದಾರಿಯಲ್ಲಿ ಬರುವ ಕೋಟಕ್ಕೂ ಈ ಪ್ರಾಣಿಗೂ ಸಂಬಂಧವಿಲ್ಲ ಎಂದಾಗ ಅವಳ ಮುಖ ಬಾಡಿತು. ಇದು ಮಹಾರಾಷ್ಟ್ರ–ತೆಲಂಗಾಣ ಗಡಿಯಲ್ಲಿ, ಪ್ರಾಣಹಿತಾ ನದಿಯ ದಡದಲ್ಲಿರುವ ಇನ್ನೊಂದು ಕೋಟ. ಆ ಊರಿನ ಹೆಸರು ಅಲ್ಲಿನ ಶಿಲಾಪದರಕ್ಕೆ ಬಂತು, ಪದರದ ಹೆಸರು ಪ್ರಾಣಿಗೆ ಬಂತು. ಬಾಲಂಗೋಚಿಯಂತೆ ಅಂಟಿಕೊಂಡ ‘ಸಾರಸ್’ ಕೂಡ ನಾವು ತಿಳಿದ ಸಾರಸ ಹಕ್ಕಿಯಲ್ಲ. ಗ್ರೀಕಿನಲ್ಲಿ ಆ ಮಾತಿಗೆ ಹಲ್ಲಿ ಎಂದು ಅರ್ಥ. ಹಲ್ಲಿ ಎಂದದ್ದೂ ಸರಿಯಲ್ಲ. ಡೈನೋಸಾರ್‌ಗಳು ಹಲ್ಲಿಯ ವಂಶದವೇ ಅಲ್ಲ.

ಹೆಸರಿನ ಪ್ರತಿಯೊಂದು ತುಂಡೂ ಹೀಗೆ ದಾರಿ ತಪ್ಪಿಸುತ್ತದೆ. ಹಾಗಾದರೆ ನಿಜ ಹೇಳುವುದು ಯಾವುದು? ನಾನು ಅವಳನ್ನು ಪ್ರಾಣಿಯ ಸೊಂಟದ ಪಕ್ಕಕ್ಕೆ ಕರೆದೊಯ್ದು ಬಗ್ಗಿಸಿದೆ.

ತಳವಿಲ್ಲದ ಬಟ್ಟಲು

ಕಂಬದಂಥ ತೊಡೆಮೂಳೆ ನೆಟ್ಟಗೆ ಮೇಲೇರಿ, ತುದಿಯಲ್ಲಿ ಒಳಕ್ಕೆ ತಿರುಗಿ, ಸೊಂಟದ ಗುಳಿಯೊಂದರಲ್ಲಿ ಕೂತಿತ್ತು. ಮೂಳೆಯ ಅಂಚು ಮತ್ತು ಗುಳಿಯ ಅಂಚಿನ ನಡುವೆ ಬೆರಳಗಲದ ಸಂದಿ. ಸಂದಿಗೆ ಕಣ್ಣಿಟ್ಟರೆ ಆ ಬದಿಯ ದೀಪದ ಬೆಳಕು ಈ ಬದಿಗೆ ಬರುತ್ತಿತ್ತು.

“ತೂತು ಬಿದ್ದಿದೆ” ಎಂದಳು.

ಬಿದ್ದದ್ದಲ್ಲ, ಇರುವುದೇ ಹಾಗೆ. ಮನೆಯ ಗೋಡೆಯ ಮೇಲಿನ ಹಲ್ಲಿಯನ್ನೋ ಬೇಲಿಯ ಓತಿಕ್ಯಾತವನ್ನೋ ತೆಗೆದುಕೊಂಡರೆ ಸೊಂಟದ ಆ ಗುಳಿ ತಳವಿರುವ ಬಟ್ಟಲು. ಅವುಗಳ ಕಾಲು ಮೈಯ ಬದಿಗೆ ಚಾಚಿಕೊಂಡಿರುತ್ತದೆ. ತೊಡೆಮೂಳೆ ಒಳಮುಖವಾಗಿ ಒತ್ತುತ್ತದೆ. ಒತ್ತಡ ತಾಳಲು ಬಟ್ಟಲಿಗೆ ತಳ ಬೇಕು. ಡೈನೋಸಾರ್‌ಗಳ ಕಾಲು ಮೈಯ ಅಡಿಗೆ, ಮನೆಯ ಕಂಬದಂತೆ ನೇರ. ಭಾರ ಬೀಳುವುದು ಬಟ್ಟಲಿನ ಮೇಲಂಚಿನ ಮೇಲೆ. ತಳಕ್ಕೆ ಕೆಲಸವಿಲ್ಲ, ಅದಕ್ಕೇ ಅಲ್ಲಿ ಮೂಳೆಯೂ ಇಲ್ಲ. ಮೂರು ಮೂಳೆಗಳು ಸುತ್ತುವರಿದು ನಡುವೆ ಬಯಲು ಬಿಟ್ಟಿವೆ.

ಪಳೆಯುಳಿಕೆಗಳ ವರ್ಗೀಕರಣ ಎಂಬ ದೊಡ್ಡ ವಿದ್ಯೆ ನಿಂತಿರುವುದು ಇಂಥ ಸಣ್ಣ ಸಂಗತಿಗಳ ಮೇಲೆ. ಎಷ್ಟು ಉದ್ದ, ಎಷ್ಟು ತೂಕ, ಎಷ್ಟು ಭಯಂಕರ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಒಂದು ಬಟ್ಟಲಿಗೆ ತಳ ಉಂಟೋ ಇಲ್ಲವೋ, ಕಾಲುಗಿಣ್ಣು ಬಾಗಿಲ ತಿರುಗಣಿಯಂತೆ ಮಡಚುತ್ತದೋ ಇಲ್ಲವೋ, ಬೆನ್ನುಮಣಿಯ ಬದಿಯಲ್ಲಿ ಗುಳಿ ಇದೆಯೋ ಇಲ್ಲವೋ. ರಿಚರ್ಡ್ ಓವನ್ 1842ರಲ್ಲಿ ‘ಡೈನೋಸಾರಿಯಾ’ ಎಂಬ ಹೆಸರು ಕಟ್ಟಿದಾಗ ಅವನ ಮುಂದಿದ್ದದ್ದು ಇಂಗ್ಲೆಂಡಿನ ಮೂರು ಪ್ರಾಣಿಗಳ ಚೂರುಪಾರು ಮಾತ್ರ. ಸೊಂಟದ ಬಳಿಯ ಬೆನ್ನುಮಣಿಗಳು ಒಂದಕ್ಕೊಂದು ಬೆಸೆದುಕೊಂಡ ರೀತಿ ಆತನಿಗೆ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು.

ಎಲ್ಲ ಹೋಲಿಕೆಯೂ ನೆಂಟಸ್ತಿಕೆಯಲ್ಲ. ಐದು ಬೆರಳಿದೆ ಎಂದು ಊರಿನ ಇಬ್ಬರನ್ನು ಒಂದೇ ಮನೆತನದವರೆನ್ನಲಾಗದು. ಐದು ಬೆರಳು ಎಲ್ಲರಿಗೂ ಉಂಟು. ಆದರೆ ಇಬ್ಬರಿಗೂ ಕಿರುಬೆರಳು ಒಂದೇ ತೆರನಾಗಿ ಸೊಟ್ಟಗಿದ್ದರೆ ಅಜ್ಜಿಯರು ಕೂಡಲೇ ಕೇಳುತ್ತಾರೆ: ನೀನು ಯಾರ ಮೊಮ್ಮಗ? ಪಳೆಯುಳಿಕೆ ತಜ್ಞರು ಹುಡುಕುವುದೂ ಆ ಸೊಟ್ಟ ಕಿರುಬೆರಳನ್ನೇ. ಒಬ್ಬ ಪೂರ್ವಜನಲ್ಲಿ ಹೊಸದಾಗಿ ಮೂಡಿ ಅವನ ಸಂತತಿಗೆ ಮಾತ್ರ ಇಳಿದು ಬಂದ ಲಕ್ಷಣ. ಈಗ ಇದನ್ನು ಜನಗಣತಿಯ ಫಾರಂ ತುಂಬಿದಂತೆ ತುಂಬುತ್ತಾರೆ. ಒಂದೊಂದು ಪ್ರಾಣಿಗೂ ನೂರಾರು ಪ್ರಶ್ನೆ. ಲಕ್ಷಣ ಇದ್ದರೆ 1, ಇಲ್ಲದಿದ್ದರೆ 0, ಆ ಮೂಳೆಯೇ ಸಿಕ್ಕದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಕಂಪ್ಯೂಟರ್ ಆ ಪಟ್ಟಿಯಿಂದ ವಂಶವೃಕ್ಷದ ಕವಲುಗಳನ್ನು ಹೊಂದಿಸುತ್ತದೆ. ನಮ್ಮ ಕೋಟಸಾರಸ್‌ನ ತಲೆಯ ಕಾಲಮ್ಮಿನಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಕಾಲಿನ ಸಾಲು ಮಾತ್ರ ತುಂಬಿದೆ. ಕಂಬದಂಥ ಕಾಲು ಅದು ಸಾರೋಪಾಡ್, ಅಂದರೆ ಉದ್ದ ಕತ್ತಿನ ಸಸ್ಯಾಹಾರಿಗಳ ಕವಲಿನದು ಎನ್ನುತ್ತದೆ. ಬೆನ್ನುಮಣಿಗಳು ಇನ್ನೂ ಘನ. ಮುಂದೆ ಬಂದ ಸಾರೋಪಾಡ್‌ಗಳಲ್ಲಿ ಕಾಣುವ ಗಾಳಿಗುಳಿಗಳು ಅವುಗಳಲ್ಲಿಲ್ಲ. ಹಾಗಾಗಿ ಇದು ಆ ಕವಲಿನ ಬುಡದಲ್ಲಿ ಕೂರುತ್ತದೆ.

ಪ್ರಾಣಹಿತಾ ದಡದಲ್ಲಿ

ಪ್ರಾಣಹಿತಾ ಗೋದಾವರಿಗೆ ಸೇರುವ ಆ ಸೀಮೆಯನ್ನು ಒಮ್ಮೆ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕು. ಹತ್ತಿಯ ಹೊಲ, ತೇಗದ ಕಾಡು, ಹೊಲದ ನಡುವೆ ಕೊರಕಲು ಬಿದ್ದ ಕೆಂಪು ಜೇಡಿ. ಮಳೆಗಾಲ ಕಳೆದ ಮೇಲೆ ಆ ಕೆಂಪಿನ ಮೇಲೆ ಅಲ್ಲಲ್ಲಿ ನಸುಬಿಳಿಯ ಚೂರುಗಳು ಎದ್ದು ಕಾಣುತ್ತವೆ. ಕಲ್ಲಿನ ಚೂರೋ ಮೂಳೆಯ ಚೂರೋ ಎಂದು ಹೇಳಲು ಪಳಗಿದ ಕಣ್ಣು ಬೇಕು. ಮುರಿದ ಅಂಚಿನಲ್ಲಿ ರೊಟ್ಟಿಯ ಒಳಗಿನಂಥ ಸಣ್ಣ ರಂಧ್ರಗಳಿದ್ದರೆ ಮೂಳೆ.

ಆ ಕಣ್ಣುಗಳನ್ನು ಪಳಗಿಸಿದ್ದು ಕಲ್ಕತ್ತದ ಒಂದು ಸಂಸ್ಥೆ. ಅದರ ಹೆಸರೂ ದಾರಿ ತಪ್ಪಿಸುವಂಥದ್ದೇ: ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಅಂಕಿ-ಸಂಖ್ಯೆಯ ಸಂಸ್ಥೆಗೆ ಡೈನೋಸಾರ್ ಯಾಕೆ? ಕಟ್ಟಿದ ಪಿ.ಸಿ. ಮಹಾಲನೋಬಿಸ್ ಅವರಿಗೆ ಅಳೆಯಬಹುದಾದದ್ದೆಲ್ಲ ಸಂಖ್ಯಾಶಾಸ್ತ್ರವೇ. 1957ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಮೇಲಾ ಲ್ಯಾಂಪ್ಲೂ ರಾಬಿನ್ಸನ್ ಅವರನ್ನು ಕರೆಸಿ ಭೂವಿಜ್ಞಾನದ ವಿಭಾಗ ತೆರೆಸಿದರು. ಅವರ ಕೈಯಲ್ಲಿ ಪಳಗಿದ ಹುಡುಗರು ಸಿರೋಂಚದ ಸೀಮೆಯ ಪೋಚಂಪಳ್ಳಿಯಲ್ಲಿ ಅಗೆಯತೊಡಗಿದರು. ಸೀರೆಯ ಪೋಚಂಪಳ್ಳಿ ಇದಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಈ ಕಥೆಯಲ್ಲಿ ಯಾವ ಹೆಸರೂ ನೀವು ಅಂದುಕೊಂಡದ್ದಲ್ಲ.

ಸುಮಾರು ಮುನ್ನೂರು ಮೂಳೆಗಳು ಬಂದವು. ಆರು ಪ್ರಾಣಿಗಳಾದರೂ ಇರಬೇಕು. ಒಂದು ತೊಡೆಮೂಳೆಯೇ 1.7 ಮೀಟರ್, ನಿಂತ ಆಳಿನಷ್ಟು ಎತ್ತರ. ಇಂಥ ಮೂಳೆಯನ್ನು ನೆಲದಿಂದ ಎಬ್ಬಿಸುವುದು ಮುರಿದ ಕೈಗೆ ಪುತ್ತೂರು ಕಟ್ಟು ಹಾಕುವಷ್ಟೇ ನಾಜೂಕಿನ ಕೆಲಸ. ಸುತ್ತಲಿನ ಮಣ್ಣನ್ನು ಉಳಿ, ಬ್ರಷ್ಷುಗಳಿಂದ ಬಿಡಿಸುತ್ತಾರೆ. ಬಿರುಕಿಗೆ ಅಂಟು ಕುಡಿಸುತ್ತಾರೆ. ಒದ್ದೆ ಕಾಗದ ಹೊದಿಸಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಗೋಣಿತಾಟಿನ ಪಟ್ಟಿಗಳನ್ನು ಸುತ್ತುತ್ತಾರೆ. ಒಣಗಿದ ಮೇಲೆ ಅಡಿಯಿಂದ ಕೊರೆದು ಹೊರಳಿಸಿ ಇನ್ನೊಂದು ಮಗ್ಗುಲಿಗೂ ಕಟ್ಟು ಹಾಕುತ್ತಾರೆ. ಹಾಗೆ ಬ್ಯಾಂಡೇಜು ಸುತ್ತಿಕೊಂಡು ಜುರಾಸಿಕ್ ಯುಗದ ಪ್ರಾಣಿಗಳು ಕಲ್ಕತ್ತಕ್ಕೆ ಹೋದವು.

ಮುಖ್ಯ ಅಗೆತದ ವರ್ಷ 1961. ರವೀಂದ್ರನಾಥ ಟ್ಯಾಗೋರರ ಜನ್ಮಶತಾಬ್ದಿ. ಬಂಗಾಳಿಯಲ್ಲಿ ‘ಬೊಡೊ’ ಎಂದರೆ ದೊಡ್ಡ, ‘ಪಾ’ ಎಂದರೆ ಕಾಲು. 1975ರಲ್ಲಿ ಸೋಹನ್‌ಲಾಲ್ ಜೈನ್, ಟಿ.ಎಸ್. ಕುಟ್ಟಿ, ತಪನ್ ರಾಯ್‌ಚೌಧುರಿ, ಶಂಕರ್ ಚಟರ್ಜಿ ಇಟ್ಟ ಹೆಸರು ಬರಪಸಾರಸ್ ಟ್ಯಾಗೋರೈ: ಟ್ಯಾಗೋರರ ಹೆಸರು ಹೊತ್ತ ದೊಡ್ಡಕಾಲಿನ ಹಲ್ಲಿ. ಅದರ ಅಸ್ಥಿಪಂಜರ ಇವತ್ತು ಆ ಅಂಕಿ-ಸಂಖ್ಯೆಯ ಸಂಸ್ಥೆಯ ಮ್ಯೂಸಿಯಂನಲ್ಲಿ ನಿಂತಿದೆ. ಅದರ ಬುರುಡೆಯೂ ಸಿಕ್ಕಿಲ್ಲ. ದೊಡ್ಡ ಸಾರೋಪಾಡ್‌ಗಳಿಗೆಲ್ಲ ಇದು ಸಾಮಾನ್ಯ ಶಾಪ. ಕತ್ತಿನ ತುದಿಯ ತಲೆ ಹಗುರ, ತೆಳು ಮೂಳೆಗಳದ್ದು. ಹೆಣ ಕೊಳೆಯುವಾಗ ಮೊದಲು ಕಳಚಿ ನೀರಿನಲ್ಲಿ ಹೋಗುತ್ತದೆ.

ಅದೇ ಸೀಮೆಯಲ್ಲಿ ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಯಾಮನ್‌ಪಲ್ಲಿಯಲ್ಲಿ 840 ಮೂಳೆಗಳನ್ನು ತೆಗೆದರು. ಪಿ. ಯಾದಗಿರಿ ಅವರು 1988ರಲ್ಲಿ ಅದಕ್ಕೆ ಕೋಟಸಾರಸ್ ಎಂದು ಹೆಸರಿಟ್ಟರು. ಹೀಗೆ ಒಂದೇ ಪದರದ ಇಬ್ಬರು ದಾಯಾದಿಗಳು, ಒಬ್ಬ ಹೈದರಾಬಾದಿನಲ್ಲಿ, ಒಬ್ಬ ಕೋಲ್ಕತ್ತದಲ್ಲಿ, ಇಬ್ಬರಿಗೂ ತಲೆಯಿಲ್ಲ.

ಈ ಊರೂರು ಹೆಸರುಗಳ ಸಾಲಿನಲ್ಲಿ ನನಗೆ ಹತ್ತಿರವಾದದ್ದು ಒಂದಿದೆ: ಪ್ರಧಾನಿಯಾ. ಪ್ರಧಾನಮಂತ್ರಿಗೂ ಅದಕ್ಕೂ ಸಂಬಂಧವಿಲ್ಲ. ಅಂಕಿ-ಸಂಖ್ಯೆಯ ಸಂಸ್ಥೆಗೆ ಪಳೆಯುಳಿಕೆಗಳನ್ನು ಹುಡುಕಿಕೊಡುತ್ತಿದ್ದ ಧುಯ್ಯಾ ಪ್ರಧಾನ್ ಎಂಬ ಸಂಗ್ರಾಹಕರ ಹೆಸರನ್ನು 2007ರಲ್ಲಿ ಒಂದು ಡೈನೋಸಾರ್‌ಗೆ ಇಟ್ಟರು. ಅದೇ ಪ್ರಬಂಧದಲ್ಲಿ ಇನ್ನೊಂದಕ್ಕೆ ರಾಬಿನ್ಸನ್ ಅವರ ನಡುಹೆಸರು: ಲ್ಯಾಂಪ್ಲೂಸಾರಾ. ಗುರುವಿಗೂ ಗುದ್ದಲಿ ಹಿಡಿದವನಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ.

ಮೊಸಳೆಯ ಮುಖ, ಬೇರೆಯವರ ಕುಲ

ಕೋಟ ಪದರಕ್ಕಿಂತ ಕೆಳಗೆ, ಇನ್ನೂ ಹಳೆಯದಾದ ಮಾಲೇರಿ ಎಂಬ ಕೆಂಪು ಪದರವಿದೆ. ಇಪ್ಪತ್ತೆರಡು ಕೋಟಿ ವರ್ಷಗಳಷ್ಟು ಹಿಂದಿನದು. ಡೈನೋಸಾರ್‌ಗಳು ಆಗಿನ್ನೂ ಮೂಲೆಯಲ್ಲಿ ಕೂತ ಚಿಲ್ಲರೆ ಪ್ರಾಣಿಗಳು. ನದಿಯ ಯಜಮಾನಿಕೆ ಬೇರೆಯವರದ್ದು. ಅವರಲ್ಲೊಬ್ಬ ಪ್ಯಾರಾಸೂಕಸ್. ಉದ್ದ ಮೂತಿ, ಮೂತಿಯ ತುಂಬ ಹಲ್ಲು, ಬೆನ್ನ ಮೇಲೆ ಕವಚದ ಹಲಗೆಗಳು. ಕಬಿನಿಯ ಹಿನ್ನೀರಿನಲ್ಲಿ ಬಿಟ್ಟರೆ ಸಫಾರಿಗೆ ಹೋದವರು ಮೊಸಳೆ ಎಂದೇ ಫೋಟೊ ತೆಗೆದುಕೊಂಡು ಬರುತ್ತಾರೆ.

ಮೂಗನ್ನು ನೋಡಬೇಕು. ಮೊಸಳೆಯ ಮೂಗಿನ ಹೊಳ್ಳೆ ಮೂತಿಯ ತುತ್ತತುದಿಯಲ್ಲಿ. ಪ್ಯಾರಾಸೂಕಸ್‌ನ ಹೊಳ್ಳೆ ಹಿಂದೆ, ಕಣ್ಣುಗಳ ಪಕ್ಕದ ಒಂದು ದಿಬ್ಬದಲ್ಲಿ. ನೀರಿನಲ್ಲಿ ಮುಳುಗಿ ಹೊಂಚು ಹಾಕುವ ಕಸುಬು ಇಬ್ಬರದ್ದೂ ಒಂದೇ, ಕಸುಬು ಮೈಯನ್ನು ಒಂದೇ ಅಚ್ಚಿಗೆ ಒತ್ತಿತು. ಕುಲ ಮಾತ್ರ ಬೇರೆ. ವರ್ಗೀಕರಣದಲ್ಲಿ ಎಲ್ಲರೂ ಎಡವುವುದು ಈ ಜಾಗದಲ್ಲಿ. ರೂಪ ಕಸುಬಿನದ್ದೂ ಇರಬಹುದು, ವಂಶದ್ದೂ ಇರಬಹುದು.

ಈ ಪ್ರಾಣಿಯ ಹೆಸರಿಗೆ ಒಂದು ವ್ಯಾಜ್ಯವೂ ನಡೆದಿದೆ. ನಾಗಪುರದಲ್ಲಿದ್ದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಅವರ ನೆನಪಿಗೆ ರಿಚರ್ಡ್ ಲೈಡೆಕ್ಕರ್ 1885ರಲ್ಲಿ ಪ್ಯಾರಾಸೂಕಸ್ ಹಿಸ್ಲೋಪಿ ಎಂದು ವರ್ಣಿಸಿದ. ಅವನ ಮುಂದಿದ್ದದ್ದು ಚದುರಿದ ಚೂರುಗಳು. ಮೂತಿಯ ಚೂರು ಈ ಪ್ರಾಣಿಯದು ಹೌದು. ಆದರೆ ಬುರುಡೆಯ ಬುಡದ ಚೂರು, ಪಕ್ಕದಲ್ಲೇ ಬದುಕಿದ್ದ ಗಿಳಿಮೂತಿಯ ಹೈಪರೊಡಪಿಡನ್ ಎಂಬ ಸಸ್ಯಾಹಾರಿಯದು. ಒಂದೇ ಹೆಸರಿನ ಕೆಳಗೆ ಎರಡು ಮನೆಯ ಮೂಳೆ! ಪ್ರತಿ ಹೆಸರಿಗೂ ಒಂದು ‘ಮಾದರಿ’ ಇರಲೇಬೇಕು ಎಂಬುದು ಈ ಶಾಸ್ತ್ರದ ಕಾಯಿದೆ. ಹೆಸರು ಎಂಬ ಹಗ್ಗವನ್ನು ಕಟ್ಟುವ ಗೂಟ ಅದು. ಲೈಡೆಕ್ಕರ್‌ನ ಗೂಟ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಅದೇ ಪದರದಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕಿದ್ದವು. ಪ್ರಾಣಿನಾಮಗಳ ಅಂತಾರಾಷ್ಟ್ರೀಯ ಆಯೋಗಕ್ಕೆ ಶಂಕರ್ ಚಟರ್ಜಿ ಅರ್ಜಿ ಹಾಕಿದರು. 2003ರಲ್ಲಿ ಆಯೋಗ ಒಪ್ಪಿ, ಹಳೆಯ ಹೆಸರಿಗೆ ಹೊಸ ಗೂಟ ನೆಟ್ಟುಕೊಟ್ಟಿತು.

ಚಟರ್ಜಿಯವರಿಗೇ ಇನ್ನೊಂದು ಪೇಚು ಎದುರಾಗಿತ್ತು. ಮಾಲೇರಿಯ ಒಂದು ಪುಟ್ಟ ಡೈನೋಸಾರ್‌ಗೆ 1987ರಲ್ಲಿ ಅವರು ವಾಕೇರಿಯಾ ಎಂದು ಹೆಸರಿಟ್ಟರು, ಬ್ರಿಟಿಷ್ ವಿಜ್ಞಾನಿ ಆಲಿಕ್ ವಾಕರ್ ಗೌರವಾರ್ಥ. ಆಮೇಲೆ ನೋಡಿದರೆ ಸಮುದ್ರದಲ್ಲಿ ಪಾಚಿಯಂತೆ ಬೆಳೆಯುವ ಒಂದು ಜೀವಿಗೆ ಆ ಹೆಸರು ಎಂದೋ ಹೋಗಿತ್ತು. ಪ್ರಾಣಿಲೋಕದಲ್ಲಿ ಎರಡು ಕುಲಕ್ಕೆ ಒಂದೇ ಹೆಸರು ನಡೆಯದು. 1994ರಲ್ಲಿ ಹೆಸರಿನ ಮುಂದೆ ಆಲಿಕ್‌ನ ಮೊದಲಕ್ಷರಗಳನ್ನೂ ಸೇರಿಸಿ ಆಲ್ವಾಕೇರಿಯಾ ಎಂದು ಎರಡನೆಯ ನಾಮಕರಣವಾಯಿತು. ಅಲ್ಲಿಗೂ ಮುಗಿಯಲಿಲ್ಲ. 2005ರ ಹೊತ್ತಿಗೆ ಬೇರೆಯವರು ಮೂಳೆಗಳನ್ನು ಮತ್ತೆ ಕೈಗೆತ್ತಿಕೊಂಡು, ಇದರಲ್ಲಿ ಡೈನೋಸಾರ್ ಎನ್ನಲು ಆಧಾರವಿರುವುದು ತೊಡೆಮೂಳೆ ಮತ್ತು ಕಾಲುಗಿಣ್ಣಿನ ಮೂಳೆ ಮಾತ್ರ, ಉಳಿದವು ಬೇರೆ ಪ್ರಾಣಿಗಳದ್ದಿರಬಹುದು ಎಂದರು. ಸಂತೆಯಲ್ಲಿ ಕಲಸಿಹೋದ ಚಪ್ಪಲಿಗಳನ್ನು ಜೋಡಿ ಮಾಡಿದ ಹಾಗೆ.

ಕರಿಕಲ್ಲಿನ ಕೆಳಗೆ

ಮ್ಯೂಸಿಯಂನಿಂದ ಹೊರಬಂದು ನೆರಳಿನ ಮೆಟ್ಟಿಲ ಮೇಲೆ ಕೂತು ನಿಂಬೆ ಸೋಡ ಕುಡಿಯುವಾಗ ಪುಟ್ಟಿಗೆ ನೆನಪಾಯಿತು. “ಬೆಂಗಳೂರಲ್ಲಿ ಯಾಕೆ ಡೈನೋಸಾರ್ ಸಿಗಲ್ಲ?”

ಲಾಲ್‌ಬಾಗಿನ ಬಂಡೆ ಹತ್ತಿದ್ದೀಯಲ್ಲ, ಅದಕ್ಕೆ 300 ಕೋಟಿ ವರ್ಷ. ಆ ಕಲ್ಲು ಹುಟ್ಟುವಾಗ ಮೂಳೆ ಎಂಬ ವಸ್ತುವೇ ಭೂಮಿಯ ಮೇಲೆ ಇರಲಿಲ್ಲ. ಮೂಳೆ ಉಳಿಯಬೇಕಾದರೆ ಕೆಸರೋ ಮರಳೋ ಬಂದು ಮುಚ್ಚಿ, ಪದರವಾಗಿ, ಕಲ್ಲಾಗಬೇಕು. ಅದೂ ಆ ಪ್ರಾಣಿಗಳು ಓಡಾಡಿದ ಕಾಲದಲ್ಲೇ. ನಮ್ಮ ನಾಡಿನ ಬಹುಪಾಲು ಶಿಲೆ ಅದಕ್ಕಿಂತ ಎಷ್ಟೋ ಹಳೆಯದು. ಆದರೂ ಡೈನೋಸಾರ್‌ಗಳ ಕೊನೆಗಾಲದ ಒಂದು ಸಾಕ್ಷಿ ನಮ್ಮಲ್ಲೂ ಇದೆ. ಗೋಳಗುಮ್ಮಟ ಕಟ್ಟಿದ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ದಖನ್ನಿನ ಲಾವಾ ಅದು. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರಿನಿಂದ ಮಹಾರಾಷ್ಟ್ರ ದಾಟಿ ಗುಜರಾತು, ಜಬಲ್ಪುರದವರೆಗೂ ಚಾಚಿದ ಕಲ್ಲಿನ ಹೊದಿಕೆ. ಮಧ್ಯಭಾರತದಲ್ಲಿ ಆ ಹೊದಿಕೆಯನ್ನು ಎತ್ತಿ ನೋಡಿದರೆ ಅಡಿಯಲ್ಲಿ ಲಮೇಟಾ ಎಂಬ ತೆಳು ಪದರ. ಭಾರತದ ಕೊನೆಯ ಡೈನೋಸಾರ್‌ಗಳು ಮಲಗಿರುವುದು ಅಲ್ಲಿ.

ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ 1828ರಲ್ಲಿ ಕ್ಯಾಪ್ಟನ್ ಸ್ಲೀಮನ್‌ಗೆ ಕಲ್ಲಾದ ಮೂಳೆಗಳು ಸಿಕ್ಕವು. ಠಗ್ಗರನ್ನು ಬೆನ್ನಟ್ಟಿ ಹೆಸರಾದ ಸ್ಲೀಮನ್ ಇವನೇ. ಡೈನೋಸಾರ್ ಎಂಬ ಪದ ಹುಟ್ಟಲು ಇನ್ನೂ ಹದಿನಾಲ್ಕು ವರ್ಷವಿತ್ತು. ಬಾಲದ ಎರಡು ಮಣಿಗಳು ಕಲ್ಕತ್ತ ಸೇರಿದವು. ಆ ಮಣಿಯ ಮುಂಬದಿ ಬಟ್ಟಲಿನಂತೆ ತಗ್ಗು, ಹಿಂಬದಿ ಚೆಂಡಿನಂತೆ ಉಬ್ಬು. ಒಂದರ ಉಬ್ಬು ಹಿಂದಿನದರ ತಗ್ಗಿನಲ್ಲಿ ಕೂರುತ್ತದೆ. ಇಂಥ ಬಾಲ ಮತ್ತಾವ ದೈತ್ಯಪ್ರಾಣಿಗೂ ಕಂಡಿರಲಿಲ್ಲ. ಆ ಒಂದು ಲಕ್ಷಣ ಹಿಡಿದು ಲೈಡೆಕ್ಕರ್ 1877ರಲ್ಲಿ ಟೈಟಾನೊಸಾರಸ್ ಇಂಡಿಕಸ್ ಎಂದ.

ಆಮೇಲೆ ಆದದ್ದು ಸ್ವಾರಸ್ಯ. ಅರ್ಜೆಂಟೀನ, ಯುರೋಪ್, ಮಡಗಾಸ್ಕರ್, ಲಾವೋಸ್, ಎಲ್ಲಿ ಅಂಥ ಬಾಲದ ಮಣಿ ಸಿಕ್ಕಿತೋ ಅಲ್ಲೆಲ್ಲ ಟೈಟಾನೊಸಾರಸ್ ಎಂದರು. ಹದಿನಾಲ್ಕು ಪ್ರಭೇದಗಳಾದವು. 2003ರಲ್ಲಿ ಜೆಫ್ರಿ ವಿಲ್ಸನ್ ಮತ್ತು ಪಾಲ್ ಅಪ್‌ಚರ್ಚ್ ಲೆಕ್ಕ ತೆಗೆದು ಕೂತಾಗ ತಿಳಿದದ್ದು, ಆ ಉಬ್ಬು-ತಗ್ಗು ಒಂದು ಪ್ರಾಣಿಯ ಗುರುತಲ್ಲ, ಒಂದು ದೊಡ್ಡ ಬಳಗಕ್ಕೇ ಸಾಮಾನ್ಯ. ಒಂದು ಕಾಲಕ್ಕೆ ಊರಿನಲ್ಲಿ ಒಬ್ಬರೇ ಕನ್ನಡಕ ಹಾಕುತ್ತಿದ್ದಾಗ ‘ಕನ್ನಡಕದ ಮೇಷ್ಟ್ರು’ ಎಂದರೆ ಸಾಕಿತ್ತು. ಈಗ ಆ ಗುರುತಿನಿಂದ ಯಾರನ್ನೂ ಹುಡುಕಲಾಗದು. ಹದಿನಾಲ್ಕರಲ್ಲಿ ಐದು ಪ್ರಭೇದಗಳಿಗೆ ಮಾತ್ರ ಸ್ವಂತ ಗುರುತಿತ್ತು. ಮೂಲ ಟೈಟಾನೊಸಾರಸ್ ಇಂಡಿಕಸ್ಸೇ ಊರ್ಜಿತವಲ್ಲ ಎಂದಾಯಿತು. ಬಳಗಕ್ಕೆಲ್ಲ ಹೆಸರು ಕೊಟ್ಟ ಹಿರಿಯನಿಗೇ ಹೆಸರಿಲ್ಲ. ಬಳಗ ಮಾತ್ರ ಇವತ್ತಿಗೂ ಟೈಟಾನೊಸಾರ್.

ಆ ಐದರಲ್ಲಿ ಒಂದು, ಚಂದ್ರಪುರ ಜಿಲ್ಲೆಯ ಡೊಂಗರ್‌ಗಾಂವ್‌ನಲ್ಲಿ ಸಿಕ್ಕ ಪ್ರಾಣಿ, ಹೊಸ ಹೆಸರು ಪಡೆಯಿತು: ಐಸಿಸಾರಸ್. ಈಜಿಪ್ಟಿನ ದೇವತೆ ಅಂದುಕೊಳ್ಳಬೇಡಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಮೊದಲಕ್ಷರಗಳು! ಸ್ಲೀಮನ್‌ನ ಮಣಿಗಳೋ ಕಾಲಾಂತರದಲ್ಲಿ ಕಾಣೆಯಾಗಿ, ಕಳೆದೇಹೋದವೆಂದು ಎಲ್ಲರೂ ಕೈಬಿಟ್ಟ ಮೇಲೆ, 2012ರಲ್ಲಿ ಕೋಲ್ಕತ್ತದ ಸರ್ವೇಕ್ಷಣೆಯ ಸಂಗ್ರಹದಲ್ಲೇ ಪತ್ತೆಯಾದವು. ಹೆಸರು ಹೋದರೂ ಮೂಳೆ ಉಳಿದಿತ್ತು.

ಗೂಡಿನೊಳಗಿನ ಅತಿಥಿ

ಮೂಳೆಯನ್ನು ಓದುವುದರಲ್ಲಿ ಇದಕ್ಕಿಂತ ಸೊಗಸಾದ ಕಥೆ ಗುಜರಾತಿನ ಧೋಲಿ ಡುಂಗ್ರಿಯದು. ಅಲ್ಲಿನ ಲಮೇಟಾ ಪದರದಲ್ಲಿ ಸಾರೋಪಾಡ್‌ಗಳ ಮೊಟ್ಟೆಗಳು ಸಿಗುತ್ತವೆ. ಧನಂಜಯ ಮೋಹಬೆ ಅವರು 1980ರ ದಶಕದಲ್ಲಿ ತೆಗೆದ ಒಂದು ಕಲ್ಲಿನ ತುಂಡಿನಲ್ಲಿ ಮೊಟ್ಟೆಗಳೂ ಅವುಗಳ ಪಕ್ಕದಲ್ಲಿ ಪುಟ್ಟ ಪುಟ್ಟ ಮೂಳೆಗಳೂ ಇದ್ದವು. ಮೊಟ್ಟೆಯ ಪಕ್ಕ ಇರುವುದು ಮರಿಯಲ್ಲದೆ ಇನ್ನೇನು? ಮರಿ ಡೈನೋಸಾರ್ ಎಂದೇ ದಾಖಲಾಯಿತು.

2001ರಲ್ಲಿ ಜೆಫ್ರಿ ವಿಲ್ಸನ್ ಆ ತುಂಡನ್ನು ನೋಡಲು ಬಂದರು. ಬೆನ್ನುಮಣಿಗಳ ಒಂದು ಸಾಲಿನ ಮೇಲೆ ಕಣ್ಣು ನೆಟ್ಟಿತು. ಸಾಮಾನ್ಯ ಬೆನ್ನುಮಣಿಗಳಿಗೆ ಹಿಂದೆ-ಮುಂದೆ ಒಂದೊಂದು ಜೊತೆ ಕೊಂಡಿ. ಇಲ್ಲಿ ಅವುಗಳ ನಡುವೆ, ಬಡಗಿ ಮರದ ತುಂಡಿಗೆ ಗೂಟ-ಗುಳಿ ಮಾಡಿ ಕೂರಿಸಿದಂತೆ, ಇನ್ನೂ ಒಂದು ಜೋಡಣೆ. ಒಂದು ಮಣಿಯ ಬೆಣೆ ಮುಂದಿನದರ ತೂತಿನಲ್ಲಿ. ಮೈಯನ್ನು ಹಗ್ಗದಂತೆ ಸುರುಳಿ ಸುತ್ತಿದರೂ ಮಣಿಗಳು ತಿರುಚಿಹೋಗದಂತೆ ಹಿಡಿದಿಡುವ ಈ ಕಟ್ಟು ಹಾವಿನದು.

ಕಲ್ಲನ್ನು ಇನ್ನಷ್ಟು ಬಿಡಿಸಿದಾಗ ಚಿತ್ರ ಪೂರ್ತಿಯಾಯಿತು. ಒಡೆದ ಮೊಟ್ಟೆ, ಅದನ್ನು ಸುತ್ತಿ ಕೂತ ಮೂರೂವರೆ ಮೀಟರ್ ಹಾವು, ಪಕ್ಕದಲ್ಲಿ ಆಗಷ್ಟೇ ಹೊರಬಂದ ಅರ್ಧ ಮೀಟರಿನ ಮರಿ. ಮಣ್ಣು ಬಂದು ಮೂರನ್ನೂ ಒಂದೇ ಸಲಕ್ಕೆ ಮುಚ್ಚಿದೆ. ಈಗಿನ ಹೆಬ್ಬಾವಿನಂತೆ ಬಾಯಿ ಅಗಲಿಸಲು ಈ ಹಾವಿಗೆ ಬರುತ್ತಿರಲಿಲ್ಲ. ದೊಡ್ಡ ಬೇಟೆ ನುಂಗಲಾಗದ್ದಕ್ಕೇ ಗೂಡಿಗೆ ಬಂದು ಎಳೆಯ ಮರಿಗಳಿಗೆ ಕಾಯುತ್ತಿತ್ತು. 2010ರಲ್ಲಿ ಅದಕ್ಕೆ ಸನಾಜೆಹ್ ಇಂಡಿಕಸ್ ಎಂಬ ಹೆಸರು ಬಂತು. 6.7 ಕೋಟಿ ವರ್ಷ ಕಲ್ಲಿನಲ್ಲಿ, ಮೇಲೆ ಹತ್ತಿಪ್ಪತ್ತು ವರ್ಷ ಡೈನೋಸಾರ್ ಮರಿ ಎಂಬ ಹೆಸರಿನಲ್ಲಿ, ಹಾವು ಸುಮ್ಮನೆ ಮಲಗಿತ್ತು.

ತಪ್ಪು ಎದುರುದಿಕ್ಕಿಗೂ ಆಗುತ್ತದೆ. ತಮಿಳುನಾಡಿನ ಅರಿಯಲೂರು ಸೀಮೆಯಲ್ಲಿ ಸಿಕ್ಕ ಮೂಳೆಗಳಿಗೆ ಯಾದಗಿರಿ ಮತ್ತು ಅಯ್ಯಸಾಮಿ 1979ರಲ್ಲಿ ದ್ರಾವಿಡೊಸಾರಸ್ ಎಂದು ಹೆಸರಿಟ್ಟರು. ಬೆನ್ನ ಮೇಲೆ ಹಲಗೆ ಹೊತ್ತ ಸ್ಟೆಗೊಸಾರ್‌ಗಳ ಕೊನೆಯ ಕುಡಿ ಎಂದು ಅದು ಪುಸ್ತಕಗಳನ್ನು ಸೇರಿತು. ಆದರೆ ಆ ಪದರ ಸಮುದ್ರದ್ದು. 1996ರಲ್ಲಿ ಚಟರ್ಜಿ ಮತ್ತು ರುದ್ರ ಪರಿಶೀಲಿಸಿ, ಇದು ಡೈನೋಸಾರೇ ಅಲ್ಲ, ಪ್ಲೀಸಿಯೊಸಾರ್ ಎಂಬ ಈಜುವ ಸರೀಸೃಪ ಎಂದರು. ಅದೇ ಸೀಮೆಯ ಕಲ್ಲಮೇಡಿನಲ್ಲಿ ಸಿಕ್ಕ ಇನ್ನೊಂದರ ಹೆಸರು ನಮಗೆ ಅರ್ಥ ಹೇಳಿಸಿಕೊಳ್ಳುವ ಅಗತ್ಯವೇ ಇಲ್ಲ: ಬೃಹತ್ಕಾಯೊಸಾರಸ್. ಮೊದಲು ಮಾಂಸಾಹಾರಿ ಎಂದರು, ಆಮೇಲಿನವರು ಸಾರೋಪಾಡ್ ಎಂದರು. ಮೊಣಕಾಲ ಕೆಳಗಿನ ಮೂಳೆಯೇ ಎರಡು ಮೀಟರ್ ಎಂದು ವರದಿ. ಎಷ್ಟು ದೊಡ್ಡದು ಎಂಬ ವಾದ ಈಗಲೂ ನಡೆದಿದೆ, ತೀರ್ಪು ಕೊಡಲು ಮೂಳೆ ಇಲ್ಲ. ಮಳೆ, ತೇವಕ್ಕೆ ಆ ಮೆತ್ತನೆಯ ಮೂಳೆಗಳು ಪುಡಿಯಾಗಿ ಹೋದವು. ಉಳಿದದ್ದು ರೇಖಾಚಿತ್ರ, ಹಳೆಯ ಫೋಟೊ, ಮತ್ತು ಆ ಭಾರೀ ಹೆಸರು. ಜಬಲ್ಪುರದಲ್ಲಿ ಹೆಸರು ಹೋಗಿ ಮೂಳೆ ಉಳಿಯಿತು. ಇಲ್ಲಿ ಮೂಳೆ ಹೋಗಿ ಹೆಸರು ಉಳಿಯಿತು.

ಹೆಸರು ಮತ್ತು ಮೂಳೆ ಒಂದಕ್ಕೊಂದು ಒಪ್ಪಿಕೊಂಡದ್ದೂ ಉಂಟು. ಸಾತ್ಪುರದ ಡೆನ್ವಾ ಪದರದಲ್ಲಿ ಏಳು ಪ್ರಾಣಿಗಳದ್ದಾದರೂ ಮೂಳೆಗಳು ಸಿಕ್ಕಿ, 2017ರಲ್ಲಿ ಶೃಂಗಸಾರಸ್ ಇಂಡಿಕಸ್ ಎನಿಸಿಕೊಂಡವು. ಮೂರ್ನಾಲ್ಕು ಮೀಟರ್ ಉದ್ದದ ಸಸ್ಯಾಹಾರಿ. ಕಣ್ಣುಗಳ ಮೇಲೆ ಹೋರಿಯಂತೆ ಎರಡು ಕೋಡು. ಒಂದು ಬುರುಡೆಗೆ ಕೋಡಿಲ್ಲ, ಬಹುಶಃ ಹೆಣ್ಣು. ಕೋಡು ನೋಡಿ ಮಕ್ಕಳ ಪುಸ್ತಕದ ಟ್ರೈಸೆರಾಟಾಪ್ಸ್‌ನ ಅಜ್ಜ ಎಂದುಕೊಳ್ಳಬಾರದು. ಇದು ಡೈನೋಸಾರ್ ಅಲ್ಲ. ಬೇರೆಯೇ ಕವಲು, ಸುಮಾರು 24 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಆಟ ಶುರುವಾಗುವ ಮೊದಲೇ ಕೋಡು ಬೆಳೆಸಿಕೊಂಡಿತ್ತು.

ತಟ್ಟೆಯಲ್ಲಿ

ಸಂಜೆ ಮನೆಗೆ ಬಂದಾಗ ಅತ್ತಿಗೆ ತೆಂಗಿನಕಾಯಿ ಹುರಿದು ಅರೆದು ಕುಂದಾಪುರದ ಕೋಳಿ ಸಾರು ಮಾಡಿದ್ದರು. ನಾಟಿ ಕೋಳಿ, ಅಣ್ಣ ಎದುರು ನಿಂತು ದೊಡ್ಡ ದೊಡ್ಡ ತುಂಡು ಮಾಡಿಸಿ ತಂದದ್ದು. ಊಟಕ್ಕೆ ಕೂತ ಸ್ವಲ್ಪ ಹೊತ್ತಿಗೆ ನನ್ನ ತಟ್ಟೆಯಲ್ಲಿ ತೊಡೆಯ ಜೊತೆ ಸೊಂಟದ ತುಂಡೂ ಬಂದಿರುವುದು ಕಂಡಿತು. ಮಾಂಸ ಬಿಡಿಸಿ, ತೊಡೆಮೂಳೆಯನ್ನು ಮೆಲ್ಲಗೆ ತಿರುಗಿಸಿದೆ. ಒಳಕ್ಕೆ ಬಾಗಿದ ಅದರ ಗುಂಡುತಲೆ ‘ಟಕ್’ ಎಂದು ಗುಳಿಯಿಂದ ಕಳಚಿಕೊಂಡಿತು. ಗುಳಿಯನ್ನು ನೀರಿನಲ್ಲಿ ತೊಳೆದು ಪುಟ್ಟಿಯ ಕೈಗೆ ಕೊಟ್ಟೆ.

ಹಕ್ಕಿಗಳು ಡೈನೋಸಾರ್‌ಗಳ ಸಂತತಿ ಎಂದು ಅವಳ ಪಾಠದಲ್ಲಿ ಬಂದಿತ್ತು. ಪಾಠದಲ್ಲಿ ಬಂದದ್ದು ಹೆಸರು ಮಾತ್ರ. ವಂಶವೃಕ್ಷವನ್ನು ಕವಲು ಬಿಡದೆ ಓದಿದರೆ ಸಂತತಿ ಎನ್ನುವುದೂ ಕಡಿಮೆಯೇ. ಹಕ್ಕಿಗಳೂ ಡೈನೋಸಾರ್‌ಗಳೇ, ಉಳಿದುಕೊಂಡ ಒಂದು ಕವಲು. ಹಲ್ಲಿ ಆ ಮರದಲ್ಲಿ ಎಲ್ಲೋ ದೂರದ ಕೊಂಬೆ. ಗ್ರೀಕಿನ ಸಾರಸ್ ತಪ್ಪಿತು. ಅರ್ಥ ಗೊತ್ತಿಲ್ಲದೆ ‘ಸಾರಸ್’ ಎಂದು ಓದಿ ಸಾರಸ ಹಕ್ಕಿಯನ್ನು ನೆನೆಯುವ ಕನ್ನಡದ ಕಿವಿಯೇ, ಬಯಸದೆ ಬಂದ ಭಾಗ್ಯದಂತೆ, ಸರಿಯಾದ ಕೊಂಬೆಯ ಮೇಲೆ ಹೋಗಿ ಕೂತಿತ್ತು.

ಪುಟ್ಟಿ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಮೂಳೆಯನ್ನು ಇನ್ನೊಂದು ಕಣ್ಣಿನ ಹತ್ತಿರ ಹಿಡಿದು, ತಲೆ ಮೇಲೆತ್ತಿ ಟ್ಯೂಬ್‌ಲೈಟಿನ ಕಡೆಗೆ ತಿರುಗಿಸುತ್ತಿದ್ದಳು.

“ಎಂಜಲು ಕೈಲಿ ಅದೇನೇ ಆಟ! ಊಟ ಮಾಡು” ಎಂದು ಅತ್ತಿಗೆ ಗದರಿದರು.

“ಅಮ್ಮಾ, ತಡಿ. ಇದಕ್ಕೂ ತಳ ಇಲ್ಲ. ಬೆಳಕು ಬರ್ತಿದೆ.”